ಸಾತಪುರ ನಾಕಾದಿಂದ ಮನೆಯವರೆಗೆ

ಗಿರಣಿಯಿಂದ ಜೋಳದ ಹಿಟ್ಟು ಬಿಸಿಬಿಸಿಯಾಗಿ ಡಬ್ಬಿಗೆ ಬೀಳುವಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಕರಕು, ಸ್ವಲ್ಪ ಸಿಹಿ. ಹೋದ ಮಳೆಗಾಲ ನಾಸಿಕದ ಸಾತಪುರ ನಾಕಾ ಎಂಬ ಕೂಡುರಸ್ತೆಯಲ್ಲಿ ಬಸ್ಸಿಳಿದು, ರಸ್ತೆ ದಾಟಲಾರದೆ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಂತು. ಎದುರಿಗೆ ನೋಡಿದರೆ ಅದೇ ಗಿರಣಿ. ಮುಂದೆ ಗಾಜಿನ ಬಾಗಿಲು ಬಂದಿದೆ, ಬೋರ್ಡು ಬದಲಾಗಿದೆ, ಆದರೆ ಪಕ್ಕದ ಕಲ್ಲುಗೋಡೆ ಹಾಗೆಯೇ ಇದೆ.

ತಮ್ಮನ ಮೊಮ್ಮಗಳ ತೊಟ್ಟಿಲಿಗೆಂದು ಸಂಭಾಜಿನಗರದಿಂದ, ಅಂದರೆ ಹಿಂದಿನ ಔರಂಗಾಬಾದಿನಿಂದ, ಬಂದಿದ್ದೆ. ರಸ್ತೆಯ ನಡುವೆ ಉದ್ದಕ್ಕೂ ಕಬ್ಬಿಣದ ಬೇಲಿ. ದಾಟುವ ಜಾಗ ಎಲ್ಲಿ ಎಂದು ಒಬ್ಬನನ್ನು ಕೇಳಿದೆ, ಅವನು ಮೊಬೈಲಿನಿಂದ ತಲೆಯೆತ್ತದೆ ದೂರದ ಸಿಗ್ನಲ್ಲಿನ ಕಡೆ ಗದ್ದ ತೋರಿಸಿದ. ಫುಟ್‌ಪಾತಿನ ಮೇಲೆ ಸಾಲಾಗಿ ಮೋಟರ್‌ಸೈಕಲ್ಲುಗಳನ್ನು ನಿಲ್ಲಿಸಿದ್ದರು. ಕೆಳಗಿಳಿದರೆ ಲಾರಿ, ಮೇಲೆ ಹತ್ತಿದರೆ ಹ್ಯಾಂಡಲ್ಲು. ಅಷ್ಟರಲ್ಲಿ ತಮ್ಮನ ಮೊಮ್ಮಗ ಫೋನು ಮಾಡಿದ: "ಆಜಿ, ಚಾಲತ ಯೇವೂ ನಕೋಸ್, ರಿಕ್ಷಾದಾಗ ಬಾ." ನಡೆದು ಬರಬೇಡ ಅಂತ. ಎಪ್ಪತ್ತು ದಾಟಿದ ಮೊಣಕಾಲಿಗೆ ಆ ಮಾತು ಹಿತವಾಗಿಯೇ ಇತ್ತು. ಆದರೆ ರಿಕ್ಷಾ ಹಿಡಿಯಬೇಕೆಂದರೂ ರಸ್ತೆಯ ಆಚೆಗೇ ಹೋಗಬೇಕಲ್ಲ! ಒಂದು ಕಾಲದಲ್ಲಿ ಈ ನಾಕಾದಿಂದ ಮನೆಗೆ ಮುಕ್ಕಾಲು ಗಂಟೆಯಲ್ಲಿ ಹೋಗುತ್ತಿದ್ದೆ. ಈ ಸಲ ನಾಕಾ ದಾಟುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ದಾಟಿ, ಗಿರಣಿಯ ಕಟ್ಟೆಯ ಮೇಲೆ ಕೂತೆ. ಸುಸ್ತಾಗಿತ್ತು. ಅಲ್ಲಿ ಕೂತಲ್ಲೇ ನನ್ನ ಮೆಟ್ರಿಕ್ಕಿನ ವರ್ಷ ಎದ್ದು ಬಂತು.

ಸಾವಿರದ ಒಂಬೈನೂರ ಎಪ್ಪತ್ತರ ಮಳೆಗಾಲ. ಆಗ ಮೆಟ್ರಿಕ್ ಎಂದರೆ ಹನ್ನೊಂದನೆಯ ಇಯತ್ತೆ. ನಮ್ಮ ಅಪ್ಪ ಶರಣಪ್ಪ ಬೀದರ ಜಿಲ್ಲೆಯ ಭಾಲ್ಕಿ ಕಡೆಯವನು. ಸಾತಪುರದಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಹೊಸದರಲ್ಲಿ ಬಂದು ಒಂದರಲ್ಲಿ ಲೇಥ್ ಹಿಡಿದಿದ್ದ. ಊರೊಳಗೆ ಬಾಡಿಗೆಯ ಖೋಲಿ ಸಾಕಾಗಿ, ನಾಕಾದಿಂದ ಎರಡು ಮೈಲಿ ಆಚೆ, ಎರೆ ಹೊಲಗಳ ನಡುವೆ ಎದ್ದ ಬಾಭೂಳಮಾಳ ಎಂಬ ಹೊಸ ಕಾಲೊನಿಯಲ್ಲಿ ಮನೆ ಮಾಡಿದ. ಜಾಲಿಮರಗಳ ಬೋರೆ, ಅದರ ಮೇಲೆ ಹೆಂಚಿನ ಸಾಲುಮನೆಗಳು. ನೀರಿತ್ತು, ಗಾಳಿಯಿತ್ತು, ಬೆಳಿಗ್ಗೆ ಎದ್ದರೆ ದೂರದಲ್ಲಿ ಗುಡ್ಡ ಕಾಣುತ್ತಿತ್ತು. ದಾರಿಯೊಂದಿರಲಿಲ್ಲ. ನಗರದ ಕೆಂಪು ಬಸ್ಸು ನಾಕಾಕ್ಕೆ ಬಂದು ಉಸಿರುಬಿಟ್ಟು ತಿರುಗಿ ಹೋಗುತ್ತಿತ್ತು. ಅಲ್ಲಿಂದ ಮುಂದೆ ನಮ್ಮ ಕಾಲೇ ಗತಿ.

ಎರೆಮಣ್ಣಿನ ರಾಡಿಯಲ್ಲಿ ನಡೆದವರಿಗೇ ಗೊತ್ತು ಅದರ ಗುಣ. ಹೆಜ್ಜೆ ಇಟ್ಟರೆ ಬಿಡುವುದಿಲ್ಲ, ಎತ್ತಿದರೆ ಒಂದು ಸೇರು ಮಣ್ಣು ಕಾಲಿನ ಜೊತೆ ಬರುತ್ತದೆ. ಸೈಕಲ್ಲಿನ ಮಡ್‌ಗಾರ್ಡಿಗೆ ಮಣ್ಣು ತುಂಬಿ ಚಕ್ರ ತಿರುಗುತ್ತಲೇ ಇರಲಿಲ್ಲ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹೋಗುವ ಗಂಡಸರನ್ನು ನಾನೇ ನೋಡಿದ್ದೇನೆ. ಬರಿಗಾಲಲ್ಲಿ ಹೋಗೋಣ ಎಂದರೆ ರಾಡಿಯೊಳಗೆ ಜಾಲಿಮುಳ್ಳು. ಅದಕ್ಕೇ ಕಾಲೊನಿಯವರೆಲ್ಲ ಎರಡು ಜೊತೆ ಚಪ್ಪಲಿ ಇಟ್ಟುಕೊಂಡಿದ್ದೆವು. ರಾಡಿಗೆ ಒಂದು, ಊರಿಗೆ ಒಂದು. ರಾಡಿಯದು ಹಳೆಯ ಟೈರು ಕೊಯ್ದು ಮಾಡಿಸಿದ್ದು, ಕಾಲಿಗೆ ಸುತಳಿಯಿಂದ ಬಿಗಿದು ಕಟ್ಟುವುದು. ನಾಕಾಕ್ಕೆ ಬಂದು, ಗಿರಣಿಯ ತೊಟ್ಟಿಯಲ್ಲಿ ಕಾಲು ತೊಳೆದು, ಊರಿನ ಚಪ್ಪಲಿ ಮೆಟ್ಟಿ, ಟೈರಿನದನ್ನು ಗಿರಣಿಯ ಪಕ್ಕದ ಗೋಡೆಗೆ ಸಾಲಾಗಿ ಒರಗಿಸಿ ಬಸ್ಸು ಹತ್ತುತ್ತಿದ್ದೆವು. ಸಂಜೆ ಅದಲುಬದಲು. ಯಾರದು ಯಾವುದೆಂದು ಗೊತ್ತಾಗಲು ಒಂದೊಂದು ಮನೆಗೆ ಒಂದೊಂದು ಗುರುತು. ನಮ್ಮದಕ್ಕೆ ಅಪ್ಪ ಕೆಂಪು ಬಣ್ಣದ ಬೊಟ್ಟು ಇಟ್ಟಿದ್ದ. ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಯಾರು ಮನೆ ಸೇರಿದ್ದಾರೆ, ಯಾರು ಇನ್ನೂ ಊರಲ್ಲಿದ್ದಾರೆ ತಿಳಿಯುತ್ತಿತ್ತು. ಆ ವರ್ಷ ಬಹುತೇಕ ದಿನ ಸಂಜೆ ಕೊನೆಗೆ ಉಳಿಯುತ್ತಿದ್ದದ್ದು ಕೆಂಪು ಬೊಟ್ಟಿನ ಒಂದೇ ಜೊತೆ. ಮೆಟ್ರಿಕ್ಕಿನವರಿಗೆ ಶಾಲೆಯಲ್ಲಿ ಜಾಸ್ತಿ ತಾಸು ಇರುತ್ತಿತ್ತು, ನಾನು ನಾಕಾದಲ್ಲಿ ಇಳಿಯುವಾಗ ಹೊತ್ತು ಮುಳುಗುತ್ತಿತ್ತು.

ಜುಲೈಯಲ್ಲಿ ಒಂದು ಸಂಜೆ, ನಡುದಾರಿಯ ಹಳ್ಳ ತುಂಬಿ ಬಂತು. ಸೇತುವೆ ಇರಲಿಲ್ಲ, ದಾಟುವುದಕ್ಕೆ ಇಟ್ಟ ಕಲ್ಲುಗಳೂ ಮುಳುಗಿದ್ದವು. ಈಚೆ ದಡದಲ್ಲಿ ಪುಸ್ತಕದ ಚೀಲವನ್ನು ತಲೆಯ ಮೇಲಿಟ್ಟುಕೊಂಡು ನಾನು, ಆಚೆ ದಡದಲ್ಲಿ ಕಂದೀಲು ಹಿಡಿದು ಅವ್ವ. ನೀರಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ತಾಸುಗಟ್ಟಲೆ ನಿಂತೆವು. ನೀರಿಳಿದ ಮೇಲೆ ದಾಟಿದೆ. ಅವ್ವ ಕಂದೀಲು ಹಿಡಿದು ಮುಂದೆ ನಡೆದಳು. ಮನೆಗೆ ಬಂದು ಅಪ್ಪನಿಗೆ ಹೇಳಿದಳು.

"ದಸರಾ ತನಕ ನೋಡ್ತೀನ್ರಿ. ಅಷ್ಟರಾಗ ಬಸ್ ಮನಿ ತನಕ ಬಂದ್ರ ಬಂತು. ಇಲ್ಲಾಂದ್ರ ಸಾಲಿ ಬಿಡಸಿ ಭಾಲ್ಕಿಗಿ ಕಳಸೂದೇ. ನಮ್ಮಣ್ಣ ಹುಡುಗನ್ನ ನೋಡಿಟ್ಟಾನ. ಹುಡುಗಿ ಜೀವಕ್ಕಿಂತ ಮೆಟ್ರಿಕ್ ದೊಡ್ಡದಲ್ಲ."

ಅವ್ವ ಸುಮ್ಮನೆ ಗದರಿಸುವವಳಲ್ಲ. ಹೇಳಿದ್ದನ್ನು ಮಾಡುವವಳು. ಆ ರಾತ್ರಿ ನಾನು ಗೋಡೆಯ ಕಡೆ ಹೊರಳಿ ಅತ್ತೆ. ನಮ್ಮ ಮನೆತನದಲ್ಲಿ ಹುಡುಗಿಯರು ಏಳನೆಯ ಇಯತ್ತೆ ದಾಟಿದ್ದಿಲ್ಲ, ನಾನು ದಾಟಿ ಇಷ್ಟು ದೂರ ಬಂದಿದ್ದೆ. ದಡ ಕಾಣುವಾಗ ದೋಣಿ ಮುಳುಗಿಸುವುದೆಂದರೆ ಹೇಗೆ? ಓದಬೇಕು, ಎಲ್ಲಾದರೂ ಒಂದು ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡಬೇಕು ಅಂತ ನನ್ನ ಆಸೆ. ಕುರ್ಚಿಯ ಆಸೆ ಯಾಕೆಂದರೆ, ಅಪ್ಪ ದಿನವಿಡೀ ಲೇಥಿನ ಮುಂದೆ ನಿಂತು ಬಂದು ರಾತ್ರಿ ಕಾಲು ಒತ್ತಿಸಿಕೊಳ್ಳುತ್ತಿದ್ದ. ಒತ್ತುವ ಕೆಲಸ ನನ್ನದಾಗಿತ್ತು.

ಅಪ್ಪ ಆ ವಾರವೇ ಅರ್ಜಿ ಹಿಡಿದು ಮನೆಮನೆ ತಿರುಗಿದ. ಮರಾಠಿಯಲ್ಲಿ ಅರ್ಜಿ ಬರೆದದ್ದು ನಾನು. ಅಪ್ಪ ಓದಿದ್ದು ನಿಜಾಮರ ಕಾಲದಲ್ಲಿ, ಮೂರು ವರ್ಷ, ಉರ್ದುವಿನಲ್ಲಿ. ಕನ್ನಡವನ್ನು ಮಠದಲ್ಲಿ ಕಲಿತಿದ್ದ, ನನಗೂ ಅವನೇ ಕಲಿಸಿದ. ಮರಾಠಿ ನೀರು ಕುಡಿದ ಹಾಗೆ ಮಾತಾಡುತ್ತಿದ್ದ, ಆದರೆ ಅಕ್ಷರ ಬರುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಕಾಗದ ಬಂದರೆ "ನೀಲಾ, ಇದೇನದ ನೋಡು" ಎಂದು ನನ್ನ ಕೈಗೆ ಕೊಡುವುದು ರೂಢಿ. ಕಾಲೊನಿಯವರೆಲ್ಲ ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಅಪ್ಪ ಅದನ್ನು ಬಸ್ಸಿನ ಕಚೇರಿಗೆ ತಾನೇ ಒಯ್ದು ಕೊಟ್ಟು ಬಂದ. ಇಪ್ಪತ್ತು ದಿನಕ್ಕೆ ಉತ್ತರ ಬಂತು: ಒಬ್ಬ ಸಾಹೇಬರು ಬಂದು ದಾರಿ ನೋಡಿ ವರದಿ ಕೊಡುತ್ತಾರೆ.

ಇಲ್ಲಿಂದ ಮುಂದಿನದು ನಮ್ಮ ಕಡೆಯ ಜನ ಮಾತ್ರ ಮಾಡಬಲ್ಲಂಥ ತಪ್ಪು.

ಸಾಹೇಬರು ಬರುತ್ತಾರೆ ಎಂದ ಕೂಡಲೇ ಅಪ್ಪನ ತಲೆಯಲ್ಲಿ ಬಸ್ಸು ಹಿಂದಕ್ಕೆ ಹೋಗಿ ಬೀಗತನ ಮುಂದೆ ಬಂತು. ಮನೆಗೆ ಬರುವವರು ಮೊಣಕಾಲುದ್ದ ರಾಡಿ ಮೆತ್ತಿಸಿಕೊಂಡು ಬಂದರೆ ಹೇಗೆ? ಊಟಕ್ಕೆ ಹೇಗೆ ಕೂಡಿಸುವುದು? ನಾಕಾದಿಂದ ಕಾಲೊನಿಗೆ ಇನ್ನೊಂದು ದಾರಿಯಿತ್ತು, ಆದರೆ ಅದು ನಮ್ಮದಲ್ಲ. ಪಾಟೀಲರ ದ್ರಾಕ್ಷಿ ತೋಟದೊಳಗಿಂದ ಗರಸು ಮಣ್ಣು ಹಾಕಿ ಗಟ್ಟಿ ಮಾಡಿದ ಮುರುಮಿನ ಸ್ವಂತ ರಸ್ತೆ, ಅದು ಕಾಲುವೆಯ ಏರಿಗೆ ಸೇರಿ ನಮ್ಮ ಮನೆಗಳ ಹಿಂಬದಿಗೆ ಬರುತ್ತಿತ್ತು. ಗೇಟಿಗೆ ಬೀಗ, ಬೀಗದ ಹಿಂದೆ ಎರಡು ನಾಯಿ. ನಮಗೆ ಅತ್ತ ನೋಡುವುದಕ್ಕೂ ಬಿಡುತ್ತಿರಲಿಲ್ಲ. ಅಪ್ಪ ಹೋಗಿ ಪಾಟೀಲರ ಕೈಕಾಲು ಹಿಡಿದ. ಹಿಂದೊಮ್ಮೆ ಅವರ ಪಂಪಿನ ಕೆಟ್ಟ ಭಾಗವೊಂದನ್ನು ಲೇಥಿನಲ್ಲಿ ಸರಿಮಾಡಿಕೊಟ್ಟಿದ್ದ ಉಪಕಾರಕ್ಕೆ ಅವರು ಒಂದು ದಿನದ ಮಟ್ಟಿಗೆ ಗೇಟು ತೆರೆಯಲು ಒಪ್ಪಿದರು. ಒಂದೇ ದಿನ.

"ಅಪ್ಪಾ, ಸಾಹೇಬ್ರು ರಾಡಿ ನೋಡ್ಲಾಕ ಬರ್ಲಾಕತ್ತಾರ," ಎಂದೆ ನಾನು.

"ತೋರಸ್ತೀನಿ. ಹೋಗೂ ಮುಂದ ಆ ದಾರಿಲಿಂದ ಕರ್ಕೊಂಡ ಹೋಗ್ತೀನಿ. ಮೊದ್ಲ ಊಟ ಆಗ್ಲಿ. ಮನಿಗಿ ಬರೋರಿಗಿ ರಾಡಿ ತುಳಸ್ಕೊಂತ ತರೂದು ಎಂಥಾ ರೀತಿ?"

ನಾಕಾದಲ್ಲಿ ಚಹಾದ ಹೋಟೆಲ್ಲು ಇಟ್ಟಿದ್ದ ವಾಸುದೇವ ಭಟ್ಟರು ಕುಂದಾಪುರದವರು. ಅವರ ಕನ್ನಡಕ್ಕೆ ನಾವು ನಗುತ್ತಿದ್ದೆವು, ನಮ್ಮ ಕನ್ನಡಕ್ಕೆ ಅವರು. ಆದರೂ ಮರಾಠಿಯ ಊರಲ್ಲಿ ಕನ್ನಡ ಎಂಬ ಒಂದೇ ಕಾರಣಕ್ಕೆ ಅಪ್ಪನಿಗೆ ಅವರ ಬೆಂಚೇ ಕಚೇರಿ. ಅಪ್ಪನ ಯೋಜನೆ ಕೇಳಿ ಅವರು ಚಹಾ ಎತ್ತಿ ಸುರಿಯುವುದನ್ನು ನಿಲ್ಲಿಸಿ ಹೇಳಿದರು: "ಎಂತ ಮಾರಾಯ್ರೇ ನೀವು? ಡಾಕ್ಟ್ರು ಬರ್ತಾರೆ ಅಂತ ರೋಗಿಗೆ ಪೌಡರ್ ಹಚ್ಚಿ ಕೂರಿಸ್ತೀರಲ್ಲ! ಅವರನ್ನು ಆ ಕೆಸರಲ್ಲಿ ನಾಲ್ಕು ಹೆಜ್ಜೆ ಹಾಕಿಸಿ, ಬಸ್ಸು ತನ್ನಿಂದ ತಾನೇ ಬರ್ತದೆ."

ಅಪ್ಪ ನಕ್ಕ. "ನೀವು ಹೋಟಲ್‌ನೋರು ಭಟ್ರೇ. ನಿಮಗ ಬಂದೋರು ಗಿರಾಕಿ, ನಮಗ ದೇವ್ರು."

ಆ ದಿನ ಅಪ್ಪ ರಜೆ ಹಾಕಿದ. ನನ್ನನ್ನೂ ಶಾಲೆಗೆ ಕಳಿಸದೆ ನೀರು ಕೊಡಲು ಮನೆಯಲ್ಲಿರಿಸಿದರು. ಹಿಂದಿನ ದಿನ ಮಳೆ ಚೆನ್ನಾಗಿ ಹೊಡೆದು, ಆ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಸಾಹೇಬರು ಬಿಳಿ ಪ್ಯಾಂಟು, ಹೊಳೆಯುವ ಬೂಟು ಹಾಕಿಕೊಂಡು, ದ್ರಾಕ್ಷಿ ಚಪ್ಪರದ ನಡುವಿನ ದಾರಿಯಲ್ಲಿ ಕೈ ಬೀಸಿಕೊಂಡು ಬಂದರು. ಅವ್ವ ಕಾಲಿಗೆ ನೀರು ತಂದಿಟ್ಟಳು. ಅವರು ತಮ್ಮ ಬೂಟು ನೋಡಿಕೊಂಡು ನಕ್ಕರು, ತೊಳೆಯುವುದಕ್ಕೆ ಅಲ್ಲಿ ಏನಿತ್ತು! "ಛಾನ್ ರಸ್ತಾ ಆಹೇ, ಶರಣ್‌ಭಾವು," ಎಂದರು. ಒಳ್ಳೆಯ ದಾರಿ. ಆಗ ಅಪ್ಪನ ಮುಖದ ಮೇಲೆ ಒಂದು ಹಿಗ್ಗು ಬಂತು ನೋಡಿ, ಅದನ್ನು ಇವತ್ತಿಗೂ ಮರೆತಿಲ್ಲ. ಯಾರದೋ ದಾರಿಯನ್ನು ಯಾರೋ ಹೊಗಳಿದರೆ ಇವನು ತನ್ನ ಮನೆಯನ್ನೇ ಹೊಗಳಿದ ಹಾಗೆ ಕೈ ಮುಗಿದ.

ಹೋಳಿಗೆ, ಕಟ್ಟಿನ ಸಾರು, ತುಪ್ಪ. ಅಕ್ಕಪಕ್ಕದವರೂ ಬಂದು ಒತ್ತಾಯ ಮಾಡಿ ಬಡಿಸಿದರು. ನಾಲ್ಕನೆಯ ಹೋಳಿಗೆಗೆ ಸಾಹೇಬರ ಕಣ್ಣು ಎಳೆಯತೊಡಗಿತು. ಎಲೆ ಅಡಿಕೆ ಹಾಕಿಕೊಂಡ ಮೇಲೆ ಅಪ್ಪ ಮೆಲ್ಲಗೆ, ಈಗ ಇನ್ನೊಂದು ದಾರಿ ತೋರಿಸುತ್ತೇನೆ, ಅದೇ ನಮ್ಮ ನಿಜವಾದ ದಾರಿ ಎಂದ. ಸಾಹೇಬರು ಹೊಟ್ಟೆಯ ಮೇಲೆ ಕೈಯಾಡಿಸಿ, ಈಗ ಬೇಡ, ಬಂದ ದಾರಿಯಲ್ಲೇ ಹೋಗೋಣ, ನೆರಳಿದೆ ಎಂದರು. ಉಂಡು ಎದ್ದ ಮನುಷ್ಯನನ್ನು ಯಾರು ಒತ್ತಾಯಿಸಿ ರಾಡಿಗೆ ಇಳಿಸುತ್ತಾರೆ? ಅಪ್ಪ ನನ್ನ ಕಡೆ ನೋಡಿದ. ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ನಾನಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅವರು ಬಂದ ದಾರಿಯಲ್ಲೇ ಹೋದರು. ಮರುದಿನ ಪಾಟೀಲರ ಗೇಟಿಗೆ ಬೀಗ ಬಿತ್ತು, ನಾನು ಟೈರಿನ ಚಪ್ಪಲಿಗೆ ಸುತಳಿ ಬಿಗಿದೆ.

"ಇರುಳು ಕಂಡ ಬಾವಿಗೆ ಹಗಲು ಬಿದ್ರಿ ಶರಣಪ್ಪನವರೇ," ಎಂದರು ಭಟ್ಟರು. ಅಪ್ಪ ಚಹಾ ಕುಡಿಯದೆ ಎದ್ದು ಬಂದ.

ಮುಂದಿನ ತಿಂಗಳು ನಮಗೆಲ್ಲ ಕಾಯುವುದೇ ಕೆಲಸವಾಯಿತು. ಮಳೆ ಬಿಡಲೇ ಇಲ್ಲ. ಒಣಗದ ಬಟ್ಟೆ, ಒಣಗದ ಪುಸ್ತಕ. ಪಾದದ ಬೆರಳ ಸಂದಿಯಲ್ಲಿ ಹುಣ್ಣಾಗಿ, ಬೀಜಗಣಿತದ ತಾಸಿನಲ್ಲಿ ಬೆಂಚಿನ ಕೆಳಗೆ ಚಪ್ಪಲಿ ಕಳಚಿ ಕೂರುತ್ತಿದ್ದೆ. ದಸರಾ ಹತ್ತಿರ ಬರುತ್ತಿತ್ತು. ಅವ್ವ ನನ್ನ ಎರಡು ಸೀರೆಗೆ ಫಾಲು ಹಚ್ಚಿದಳು. ಭಾಲ್ಕಿಗೆ ಒಯ್ಯಲೆಂದು ಕೇಳದೆಯೇ ತಿಳಿಯಿತು.

ದಸರಾಕ್ಕೆ ವಾರವಿರುವಾಗ ಕಾಗದ ಬಂತು. ಮಧ್ಯಾಹ್ನ ಕಾರ್ಖಾನೆಯ ವಿಳಾಸಕ್ಕೆ ಬಂದಿತ್ತು. ಅಪ್ಪ ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದು, ಸಂಜೆ ನಾನು ಬರುವವರೆಗೆ ಕಾದ. ಕಾಲೊನಿಯವರು ನಮ್ಮ ಅಂಗಳದಲ್ಲಿ ಸೇರಿದ್ದರು. ನಾನಿನ್ನೂ ಕಾಲು ತೊಳೆದಿರಲಿಲ್ಲ.

"ಎಲ್ಲಾರಿಗೂ ಕೇಳೂ ಹಂಗ ಓದು ತಂಗಿ," ಎಂದ. "ಒಂದ ಅಕ್ಷರ ಬಿಡದಂಗ ಓದು."

ಟೈಪು ಮಾಡಿದ ಅರ್ಧ ಪುಟ. ಮೊದಲು ಅರ್ಜಿ ಮುಟ್ಟಿದ ವಿಷಯ. ಆಮೇಲೆ ಒಂದು ಸಾಲು: 'ಅರ್ಜಿದಾರರೇ ಜೊತೆಗಿದ್ದು ತೋರಿಸಿದ ಮುರುಮಿನ ದಾರಿಯಲ್ಲಿ ಸ್ವತಃ ನಡೆದು ನೋಡಲಾಗಿ, ನಡೆಯಲು ಯಾವ ಅಡಚಣೆಯೂ ಕಂಡುಬರಲಿಲ್ಲ.' ಆಮೇಲೆ ಕೊನೆಯದು: 'ಆದ್ದರಿಂದ ಸದ್ಯಕ್ಕೆ ಬಸ್ಸನ್ನು ನಾಕಾದಿಂದ ಮುಂದೆ ಬಿಡುವ ಅವಶ್ಯಕತೆ ಇಲ್ಲ.'

ಕಣ್ಣು ಬಾಯಿಗಿಂತ ಮುಂದೆ ಓಡುತ್ತದೆ. ನಡುವಿನ ಸಾಲು ಕಣ್ಣಿಗೆ ಬಿದ್ದಾಗ ಬಾಯಿ ಇನ್ನೂ ಮೊದಲಿನ ಸಾಲಲ್ಲಿತ್ತು. ತಲೆಯೆತ್ತಿದೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ಅವನ ಹಿಂದೆ ಅರ್ಜಿಗೆ ಸಹಿ ಹಾಕಿದ ಅಷ್ಟೂ ಮುಖಗಳು. ಇವರೆಲ್ಲರ ಎದುರು, ನಿಮ್ಮ ಬಸ್ಸು ತಪ್ಪಿಸಿದವನು ಈತನೇ ಎಂದು ನನ್ನ ಬಾಯಿಂದ ಬರಬೇಕೆ? ಸಿಟ್ಟಿತ್ತು ನನಗೆ, ಇಲ್ಲವೆನ್ನುವುದಿಲ್ಲ. ನನ್ನ ಮೆಟ್ರಿಕ್ಕು ಹೋಳಿಗೆಯ ಜೊತೆ ಹೋಗಿತ್ತು. ಆದರೂ ಆ ಸಾಲು ಓದಲಾಗಲಿಲ್ಲ. ಬಿಟ್ಟು, ಕೊನೆಯ ಸಾಲಿಗೆ ಹಾರಿದೆ.

ಜನ ಸರ್ಕಾರಕ್ಕೆ ಬೈದರು. ಸಾಹೇಬನಿಗೆ ಬೈದರು. ಉಂಡು ಹೋದ ಹೋಳಿಗೆ ಅವನಿಗೆ ದಕ್ಕದಿರಲಿ ಎಂದರು ಒಬ್ಬರು. ಒಬ್ಬೊಬ್ಬರಾಗಿ ಎದ್ದು ಹೋದರು. ಅಪ್ಪ ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ. ನಾನು ಅಪ್ಪನ ಮಾನ ಉಳಿಸಿದೆ ಎಂದುಕೊಂಡು ಕಾಲು ತೊಳೆಯಲು ಹೋದೆ.

ಅವತ್ತು ಊಟದ ಹೊತ್ತಿಗೆ ಅವ್ವ ಭಾಲ್ಕಿಯ ಮಾತು ತೆಗೆದಳು. ಅಪ್ಪ ತುತ್ತು ಕೆಳಗಿಟ್ಟ.

"ಅಕಿ ಸಾಲಿ ಬಿಡೂದಿಲ್ಲ. ದಿನಾ ನಾಕಾಕ್ಕ ಹೋಗಿ ನಾ ಕರ್ಕೊಂಡು ಬರ್ತೀನಿ."

"ನಿಂತ ನಿಂತ ಮೊದ್ಲೇ ಕಾಲ ಹೋಗ್ಯಾವ ನಿಮ್ದು. ಮನಿಗಿ ಬಂದು ಮತ್ತ ನಾಕಾಕ್ಕ? ಎಷ್ಟ ದಿನ?"

"ಪರೀಕ್ಷಾ ಮುಗೀ ತನಕ."

ಮರುದಿನ ನಾಕಾದಲ್ಲಿ ಇಳಿದಾಗ ಅಪ್ಪ ಗಿರಣಿಯ ಗೋಡೆಗೆ ಒರಗಿ ನಿಂತಿದ್ದ. ಕೈಯಲ್ಲಿ ನನ್ನ ಟೈರಿನ ಚಪ್ಪಲಿ, ಅದರ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆದಿದ್ದ. ನನ್ನ ಮುಂದೆ ಕೆಳಗಿಟ್ಟ. ನಾನು ಮೆಟ್ಟಿ ಸುತಳಿ ಬಿಗಿದೆ. ಎರಡು ಮೈಲಿ ನಡೆದೆವು.

ಹೀಗೆ ಶುರುವಾದದ್ದು ಮಾರ್ಚಿಯವರೆಗೆ ನಡೆಯಿತು. ಅಪ್ಪ ವರ್ಷ ಮುಗಿಯುವವರೆಗೆ ಬೆಳಗಿನ ಪಾಳಿಯನ್ನೇ ಬೇಡಿ ಹಾಕಿಸಿಕೊಂಡ, ಮಗಳಿಗೆ ಕಾವಲುಗಾರ ಎಂದು ಕಾರ್ಖಾನೆಯಲ್ಲಿ ನಕ್ಕರಂತೆ. ಎಂಟು ತಾಸು ಲೇಥಿನ ಮುಂದೆ ನಿಂತು, ಎರಡು ಮೈಲಿ ನಡೆದು ಮನೆಗೆ ಬಂದು, ಒಂದು ಬಟ್ಟಲು ಚಹಾ ಕುಡಿದು, ಮತ್ತೆ ಎರಡು ಮೈಲಿ ನಾಕಾಕ್ಕೆ, ನನ್ನ ಜೊತೆ ತಿರುಗಿ ಎರಡು ಮೈಲಿ. ನಾಕಾದಲ್ಲೇ ಕೂತು ಕಾಯಬಾರದೇ ಎಂದು ಭಟ್ಟರು ಬೆಂಚು ತೋರಿಸಿದರೆ, ಮನೆಗೆ ಹೋಗಿ ಕೈಕಾಲು ತೊಳೆದು ಬರದಿದ್ದರೆ ಸರಿಹೋಗುವುದಿಲ್ಲ ಎಂದು ಏನೋ ನೆವ ಹೇಳುತ್ತಿದ್ದ. ಬೇಕೆಂದೇ ಹೆಚ್ಚು ನಡೆಯುತ್ತಿದ್ದಾನೆ ಅಂತ ನನಗೆ ಆಗ ಹೊಳೆಯಲಿಲ್ಲ. ಹದಿನಾರು ವಯಸ್ಸು, ನನ್ನ ಕಾಲಿನ ಹುಣ್ಣೇ ನನಗೆ ದೊಡ್ಡದಿತ್ತು.

ಮೊದಲ ವಾರ ಮಾತಿರಲಿಲ್ಲ. ಆಮೇಲೆ ಒಂದು ದಿನ ಅಪ್ಪ, "ಇವತ್ತೇನ ಕಲಿಸಿದ್ರು?" ಎಂದ. ಭೂಗೋಳ ಎಂದೆ. "ಹೇಳು, ದಾರಿ ಸರೀತದ." ಅಂದಿನಿಂದ ದಾರಿಯೇ ನನ್ನ ಅಭ್ಯಾಸದ ಕೋಣೆ. ಹಳ್ಳದವರೆಗೆ ಇತಿಹಾಸ, ಹಳ್ಳದಿಂದ ಜಾಲಿಯ ಸಾಲಿನವರೆಗೆ ವಿಜ್ಞಾನ, ಬೋರೆ ಹತ್ತುವಾಗ ಉಸಿರು ಸಾಲದೆ ಇಬ್ಬರೂ ಸುಮ್ಮನೆ. ಅಪ್ಪನಿಗೆ ಅರ್ಧ ತಿಳಿಯುತ್ತಿರಲಿಲ್ಲ. ತಿಳಿಯದ ಕಡೆ "ಇನ್ನೊಮ್ಮಿ ಹೇಳು" ಎನ್ನುತ್ತಿದ್ದ, ಎರಡನೆಯ ಸಲ ಹೇಳುವಾಗ ನನಗೇ ತಿಳಿಯುತ್ತಿತ್ತು. ದೀಪಾವಳಿ ಕಳೆದ ಮೇಲೆ ರಾಡಿ ಆರಿತು, ಎರೆ ಬಿರುಕುಬಿಟ್ಟಿತು, ದಾರಿ ಕಲ್ಲಿನಂತಾಗಿ ಗಾಡಿಯ ಜಾಡುಗಳಲ್ಲಿ ಕಾಲು ಉಳುಕುತ್ತಿತ್ತು. ಚಳಿಗಾಲದಲ್ಲಿ ಬಸ್ಸಿಳಿಯುವ ಹೊತ್ತಿಗೇ ಕತ್ತಲು. ಅಪ್ಪ ಕಂದೀಲು ತರತೊಡಗಿದ. ಜನವರಿಯಿಂದ ಹಳ್ಳದ ಹತ್ತಿರದ ಬಂಡೆಯ ಮೇಲೆ "ಸ್ವಲ್ಪ ಕೂಡೂಣು" ಎಂದು ದಿನವೂ ಕೂರುವುದಾಯಿತು. ಕೂತು ಬಲಗಾಲ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ನೋಯ್ತದೇನು ಎಂದರೆ, "ಇಲ್ಲ, ನೀ ಓದು" ಎನ್ನುತ್ತಿದ್ದ.

ಪರೀಕ್ಷೆ ಬರೆದೆ, ಪಾಸಾದೆ. ಊರು ಬೆರಗಾಗುವಂಥ ನಂಬರೇನೂ ಬರಲಿಲ್ಲ, ಆದರೆ ಪಾಸು ಪಾಸೇ. ಎಪ್ಪತ್ತೆರಡರಲ್ಲಿ ಔರಂಗಾಬಾದಿನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಕುರ್ಚಿ ಸಿಕ್ಕಿತು. ಹೋಗುವ ದಿನ ಅವ್ವ ಆ ಫಾಲು ಹಚ್ಚಿದ ಸೀರೆಗಳನ್ನೇ ಪೆಟ್ಟಿಗೆಯಲ್ಲಿಟ್ಟಳು.

ಬಾಭೂಳಮಾಳಕ್ಕೆ ಬಸ್ಸು ಬಂದದ್ದು ಎಪ್ಪತ್ತನಾಲ್ಕರ ದೀಪಾವಳಿಯ ಮುಂದೆ. ಹಳ್ಳಕ್ಕೆ ಸೇತುವೆಯಾಗಿ, ದಾರಿಗೆ ಜಲ್ಲಿಕಲ್ಲಿನ ಖಡಿ ಬಿದ್ದಿತ್ತು. ನಾನು ಹಬ್ಬಕ್ಕೆ ಬಂದಿದ್ದೆ. ನನ್ನನ್ನು ಕರೆದೊಯ್ಯಲು ಅಪ್ಪ ನಗರದ ಸ್ಟ್ಯಾಂಡಿಗೇ ಬಂದಿದ್ದ. ಆಗಲೇ ಬಲಗಾಲು ಎಳೆದು ಹಾಕುತ್ತಿದ್ದ. ಬಸ್ಸು ಬಂದು ನಿಂತಾಗ, ನಾನು ನೋಡುವುದಕ್ಕೂ ಮೊದಲೇ, ತಲೆಯೆತ್ತಿ ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿದ: "ಬಾ... ಭೂ... ಳ... ಮಾ... ಳ."

"ಅಪ್ಪಾ, ನಿನಗ ಓದ್ಲಾಕ ಬರ್ತದ?"

"ಇಷ್ಟ ವರ್ಷ ಬಸ್ ಕಾಯ್ದೀನಿ. ಬೋರ್ಡ್ ಓದ್ಲಾಕ ಕಲೀದೇ ಯಾ ಬಸ್ ಹತ್ತಲಿ?" ಎಂದು ನಕ್ಕ.

ಕಿಟಕಿಯ ಪಕ್ಕ ಅವನನ್ನು ಕೂರಿಸಿ ನಾನು ಈಚೆ ಕೂತೆ. ಬಸ್ಸು ಹೊರಟ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ: "ಆ ಕಾಗದಾನೂ ಓದಿದ್ದೆ. ನಿನ್ನ ಕೈಯಾಗ ಕೊಡೂಕಿಂತ ಮೊದ್ಲೇ. ಕಾರ್ಖಾನ್ಯಾಗ ಕೂತು, ಒಂದೊಂದ ಅಕ್ಷರ ಕೂಡಿಸ್ಕೊಂತ."

ಅವನ ಕಡೆ ತಿರುಗಿ ಕೇಳಿದೆ: "ಮತ್ತ ನನಗ್ಯಾಕ ಓದು ಅಂದಿ?"

"ನನ್ನ ಬಾಯಿಲಿಂದ ಹೇಳ್ಲಾಕ ಆಗಲಿಲ್ಲ. ನೀ ಓದ್ತಿ, ಎಲ್ಲಾರೂ ಕೇಳ್ತಾರ, ನಾಕ ಮಾತು ಬೈತಾರ, ಮುಗೀತದ ಅನ್ಕೊಂಡಿದ್ದೆ. ನೀ ಆ ಸಾಲು ಬಿಟ್ಟಬಿಟ್ಟಿ." ಬಲಗಾಲ ಮೊಣಕಾಲು ನೀವಿಕೊಂಡ. "ಅವತ್ತು ಬೈಸ್ಕೊಂಡಿದ್ರ ಹಗುರಾಗ್ತಿದ್ದೆ ತಂಗಿ. ಅಷ್ಟ ನಡಿಯೂದು ಬೀಳ್ತಿರಲಿಲ್ಲ."

ನಾಲ್ಕು ವರ್ಷ ನಾನು ಇವನ ಮಾನ ಉಳಿಸಿದವಳು ಎಂದು ಬೀಗಿಕೊಂಡಿದ್ದೆ. ಒಂದು ಸಾಲು ನುಂಗಿ ಅವನ ಹೆಗಲ ಮೇಲೆ ಹೊರೆ ಹೊರಿಸಿ ಅಷ್ಟು ದೂರ ನಡೆಸಿದವಳು ನಾನು ಎಂದು ಗೊತ್ತೇ ಇರಲಿಲ್ಲ.

ನಾಕಾ ಬಂತು. ಅಪ್ಪ ಮುಂದಿನ ಸೀಟಿನ ಕಂಬಿ ಹಿಡಿದು, ಮೊಣಕಾಲಿಗೆ ಕೈಕೊಟ್ಟು ಎದ್ದು ನಿಂತ. ಇಳಿಯುವ ರೂಢಿ. ಕಂಡಕ್ಟರು ಟಿಕೀಟಿನ ಪೆಟ್ಟಿಗೆ ಬಡಿದು ಕೂಗಿದ: "ಕಾಕಾ, ಬಸಾ! ಗಾಡಿ ಪುಢೇ ಜಾತೇ." ಕೂತುಕೊಳ್ಳಿ, ಬಸ್ಸು ಮುಂದೆ ಹೋಗುತ್ತದೆ. ಅಪ್ಪ ನಾಚಿದವನಂತೆ ಸುತ್ತಲೂ ನೋಡಿ ಕೂತ. ಗಿರಣಿ ಹಿಂದಕ್ಕೆ ಸರಿಯಿತು. ಗೋಡೆಯ ಪಕ್ಕ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ.

"ಆ ಸಾಲು ಈಗ ಓದು," ಎಂದ.

ಕಾಗದ ಬೇಕಿರಲಿಲ್ಲ, ನನಗೆ ಬಾಯಿಪಾಠವಿತ್ತು. ಬಸ್ಸಿನಲ್ಲಿ ಕಾಲೊನಿಯವರೇ ತುಂಬಿದ್ದರು. ಬಸ್ಸು ಸೇತುವೆಯನ್ನು ಹತ್ತಿದಾಗ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ, ಒಂದಕ್ಷರ ಬಿಡದೆ ಹೇಳಿದೆ: ಅರ್ಜಿದಾರರೇ ಜೊತೆಗಿದ್ದು ತೋರಿಸಿದ ಮುರುಮಿನ ದಾರಿಯಲ್ಲಿ ಸ್ವತಃ ನಡೆದು ನೋಡಲಾಗಿ, ನಡೆಯಲು ಯಾವ ಅಡಚಣೆಯೂ ಕಂಡುಬರಲಿಲ್ಲ. ಮುಂದಿನ ಸೀಟಿನ ಒಬ್ಬಿಬ್ಬರು ತಿರುಗಿ ನೋಡಿ, ಏನೆಂದು ತಿಳಿಯದೆ ಮತ್ತೆ ತಮ್ಮ ಮಾತಿಗೆ ಹೋದರು. ಹಬ್ಬದ ಸಾಮಾನಿನ ಚೀಲಗಳು, ಮಕ್ಕಳ ಗಲಾಟೆ. ಅಪ್ಪ ಮಾತ್ರ ಬೈಗುಳ ಕೇಳುವವನ ಹಾಗೆ ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದ.

"ಹ್ಞೂಂ," ಎಂದ.

ಬಸ್ಸು ನಿಂತಿತು. ನಾನು ಮೊದಲು ಇಳಿದು ಕೈ ಕೊಟ್ಟೆ. ಅಪ್ಪ ಒಂದು ಕಾಲು ಇಳಿಸಿ, ಇನ್ನೊಂದನ್ನು ಎಳೆದುಕೊಂಡು ಇಳಿದ. ಮನೆ ಎದುರಿಗೇ ಇತ್ತು, ಅವ್ವ ಬಾಗಿಲಲ್ಲಿ ನಿಂತಿದ್ದಳು. ನಡೆಯುವುದು ಏನೂ ಉಳಿದಿರಲಿಲ್ಲ.